ಶಾರ್ಟ್‌ಸ್ಟಾಪಿನ ಗ್ಲೋವು ಯಾಕೆ ಚಿಕ್ಕದು?

ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರು ಬೇಸ್‌ಬಾಲ್ ಆಟವನ್ನು ಮೊದಲ ಸಲ ನೋಡಿದಾಗ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಇವರೆಲ್ಲ ಗ್ಲೌಸ್ ಹಾಕ್ಕೊಂಡು ಕ್ಯಾಚ್ ಹಿಡೀತಾರಲ್ಲ ಮಾರಾಯ, ಇದರಲ್ಲೇನಿದೆ ದೊಡ್ಡಸ್ತಿಕೆ?" ನಮ್ಮ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ ಹಿಡಿದ 210 ಕ್ಯಾಚುಗಳೂ ಬರಿಗೈಯಲ್ಲಿ ಹಿಡಿದವು. ಕ್ರಿಕೆಟ್ಟಿನ ನಿಯಮದಲ್ಲಿ ವಿಕೆಟ್ ಕೀಪರ್ ಒಬ್ಬನನ್ನು ಬಿಟ್ಟು ಬೇರಾವ ಫೀಲ್ಡರೂ ಗ್ಲೌಸ್ ಹಾಕುವಂತಿಲ್ಲ. ಇಲ್ಲಿ ನೋಡಿದರೆ ಒಂಬತ್ತಕ್ಕೆ ಒಂಬತ್ತು ಜನರ ಕೈಯಲ್ಲೂ ಮೊರದಂಥ ಚರ್ಮದ ಚೀಲ!

ತಮಾಷೆಯೆಂದರೆ ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಾವಲ್ಲ. ಅಮೆರಿಕನ್ನರೇ ತಮ್ಮತಮ್ಮಲ್ಲಿ ಕೇಳಿಕೊಂಡು, ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು, ಸುಮಾರು ಕಾಲು ಶತಮಾನ ಬೆರಳು ಮುರಿದುಕೊಂಡಿದ್ದಾರೆ. ಆ ಕತೆಯನ್ನೇ ಇವತ್ತು ಹೇಳಹೊರಟಿದ್ದೇನೆ. (ಅಂದ ಹಾಗೆ, ನಾವು ಒಂದಿದ್ದರೂ "ಗ್ಲೌಸ್" ಅನ್ನುತ್ತೇವೆ, ಎರಡಿದ್ದರೂ "ಗ್ಲೌಸ್" ಅನ್ನುತ್ತೇವೆ. ಬೇಸ್‌ಬಾಲಿನವರದು ಒಂದೇ ಕೈಗೆ. ಹಾಗಾಗಿ ಇಲ್ಲಿ "ಗ್ಲೋವು" ಅಂತಲೇ ಬರೆಯುತ್ತೇನೆ.)

ನನಗೆ ಈ ಚರಿತ್ರೆಯ ಹುಚ್ಚು ಹಿಡಿಸಿದವನು ನನ್ನ ಮಗ. ಇಲ್ಲಿ ಶಿಕಾಗೊದ ಹೊರವಲಯದಲ್ಲಿ ಬೇಸಿಗೆ ಬಂತೆಂದರೆ ಹುಡುಗರೆಲ್ಲ ಬೇಸ್‌ಬಾಲ್ ಮೈದಾನದಲ್ಲಿರುತ್ತಾರೆ. ಅವನನ್ನು ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲಿಸಿದ್ದರು, ಅದಕ್ಕೊಂದು ಗ್ಲೋವು ಬೇಕಾಯಿತು. ಅಂಗಡಿಯಲ್ಲಿ ಒಂದು ಗೋಡೆ ತುಂಬ ಗ್ಲೋವುಗಳು. ಇವನು ಕೈ ಚಾಚಿದ್ದು ಎಲ್ಲಕ್ಕಿಂತ ದೊಡ್ಡದಕ್ಕೆ. ಅಂಗಡಿಯ ಹುಡುಗ ನಯವಾಗಿ ಅದನ್ನು ವಾಪಸು ತೂಗುಹಾಕಿ, ಅದಕ್ಕಿಂತ ಒಂದೂವರೆ ಇಂಚು ಚಿಕ್ಕದನ್ನು ಕೈಗೆ ಕೊಟ್ಟ. "ದೊಡ್ಡದಿದ್ದರೆ ಹಿಡಿಯೋದು ಸುಲಭ ಅಲ್ವಾ?" ಅಂತ ಮಗ ಕೇಳಿದ. "ಹಿಡಿಯೋದು ಸುಲಭ, ತೆಗೆಯೋದು ಕಷ್ಟ" ಅಂತ ಅವನು ಹೇಳಿದ. ಆ ಒಂದು ಮಾತಿನ ಹಿಂದೆ ನೂರೈವತ್ತು ವರ್ಷದ ಇತಿಹಾಸ ಇದೆ ಅಂತ ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಬೇಸ್‌ಬಾಲ್ ಮೈದಾನದ ಒಳಗೊಂದು ಚೌಕ ಇದೆ. ನಾಲ್ಕು ಮೂಲೆಗೆ ನಾಲ್ಕು ಬೇಸು, ಒಂದರಿಂದ ಇನ್ನೊಂದಕ್ಕೆ 90 ಅಡಿ. ಈ ಚೌಕದ ಸುತ್ತ ನಿಲ್ಲುವವರು ಇನ್‌ಫೀಲ್ಡರುಗಳು. ಮೊದಲ, ಎರಡನೇ, ಮೂರನೇ ಬೇಸಿಗೆ ಒಬ್ಬೊಬ್ಬ, ಎರಡನೇ ಮತ್ತು ಮೂರನೇ ಬೇಸಿನ ನಡುವೆ ಶಾರ್ಟ್‌ಸ್ಟಾಪ್. ದೂರದ ಹುಲ್ಲಿನ ಮೇಲೆ ನಿಲ್ಲುವ ಮೂವರು ಔಟ್‌ಫೀಲ್ಡರುಗಳು. ಔಟ್‌ಫೀಲ್ಡರನ ಮುಖ್ಯ ಕೆಲಸ ಆಕಾಶದಿಂದ ಬೀಳುವ ಚೆಂಡನ್ನು ಹಿಡಿಯುವುದು. ಹಿಡಿದರೆ ಹೊಡೆದವನು ಔಟು, ಮುಗಿಯಿತು. ಆದರೆ ಇನ್‌ಫೀಲ್ಡರನಿಗೆ ಬರುವುದರಲ್ಲಿ ಬಹುಪಾಲು ನೆಲದ ಮೇಲೆ ಪುಟಿಯುತ್ತ ಬರುವ ಚೆಂಡು. ಅದನ್ನು ಹಿಡಿದ ಮಾತ್ರಕ್ಕೆ ಯಾರೂ ಔಟಾಗುವುದಿಲ್ಲ. ಹೊಡೆದವನು ಮೊದಲ ಬೇಸಿನತ್ತ ಓಡುತ್ತಿರುತ್ತಾನೆ, ಅವನಿಗೆ ಬೇಕಾಗುವುದು ನಾಲ್ಕು-ನಾಲ್ಕೂವರೆ ಸೆಕೆಂಡು. ಅಷ್ಟರೊಳಗೆ ಚೆಂಡನ್ನು ತಡೆದು, ಗ್ಲೋವಿನಿಂದ ಇನ್ನೊಂದು ಕೈಗೆ ತೆಗೆದುಕೊಂಡು, ಎಸೆದು, ಅದು ಅವನಿಗಿಂತ ಮುಂಚೆ ಬೇಸು ತಲುಪಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹಿಂದಕ್ಕೆ ಹೋಗೋಣ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅನ್ನುವ ತಂಡ ಬಹಿರಂಗವಾಗಿ ಎಲ್ಲ ಆಟಗಾರರಿಗೂ ಸಂಬಳ ಕೊಟ್ಟು ಆಡಿಸಿದ ಮೊದಲ ತಂಡವಾಯಿತು. ಅದರ ನಾಯಕ ಹ್ಯಾರಿ ರೈಟ್ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಅವನ ಅಪ್ಪ ನ್ಯೂಯಾರ್ಕಿನ ಕ್ರಿಕೆಟ್ ಕ್ಲಬ್ಬೊಂದರಲ್ಲಿ ವೃತ್ತಿಪರ ಆಟಗಾರ! ತಮ್ಮ ಜಾರ್ಜ್ ರೈಟ್ ಅದೇ ತಂಡದ ಶಾರ್ಟ್‌ಸ್ಟಾಪ್, ಆ ಕಾಲದ ಅತ್ಯುತ್ತಮ ಇನ್‌ಫೀಲ್ಡರ್ ಅಂತ ಹೆಸರಾದವನು. ಅವನೂ ಕ್ರಿಕೆಟ್ ಆಡಿ ಬೆಳೆದವನೇ. ಬರಿಗೈಯಲ್ಲಿ ಹಿಡಿಯುವ ಹೆಮ್ಮೆ ಬೇಸ್‌ಬಾಲಿಗೆ ಬಂದ ದಾರಿಗಳಲ್ಲಿ ಕ್ರಿಕೆಟ್ಟೂ ಒಂದು ಅಂತ ನನಗನ್ನಿಸುತ್ತದೆ.

ಆದರೆ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಆಗ ತಂಡಗಳಲ್ಲಿ ಬದಲಿ ಆಟಗಾರರು ಇಲ್ಲವೆನ್ನುವಷ್ಟು ಕಡಿಮೆ. ವಾರಕ್ಕೆ ಹಲವು ಪಂದ್ಯ. ಬೆರಳು ಮುರಿದರೆ ಆಟ ಹೋಯಿತು, ಆಟ ಹೋದರೆ ಸಂಬಳಕ್ಕೂ ಸಂಚಕಾರ. ಹಳೆಯ ಆಟಗಾರರ, ಅದರಲ್ಲೂ ಕ್ಯಾಚರುಗಳ, ಬೆರಳುಗಳು ಸೊಟ್ಟಂಬಟ್ಟ ಶುಂಠಿ ಬೇರಿನ ಹಾಗಾಗಿರುತ್ತಿದ್ದವಂತೆ. ಸಿನ್ಸಿನಾಟಿಯ ಕ್ಯಾಚರ್ ಡಗ್ ಆಲಿಸನ್ 1870ರಲ್ಲೇ ಕೈನೋವು ತಾಳಲಾರದೆ ಜಿಂಕೆ ಚರ್ಮದ ಗ್ಲೌಸು ಹಾಕಿಕೊಂಡಿದ್ದ ಅಂತ ದಾಖಲೆ ಇದೆ.

ನನಗೆ ತುಂಬ ಹಿಡಿಸಿದ್ದು ಮಾತ್ರ ಇನ್ನೊಬ್ಬನ ಕತೆ. ಚಾರ್ಲ್ಸ್ ವೇಟ್ ಅಂತ, ಸೇಂಟ್ ಲೂಯಿಸ್ ತಂಡದವನು. 1875ರಲ್ಲಿ ಬಾಸ್ಟನ್ನಿನಲ್ಲಿ ಮೊದಲ ಬೇಸಿನ ಬಳಿ ನಿಂತಿದ್ದಾಗ ಅವನ ಕೈಯಲ್ಲೊಂದು ತೆಳು ಗ್ಲೋವು ಇತ್ತು. ಮೈಬಣ್ಣದ್ದೇ ಗ್ಲೋವು! ಯಾಕೆಂದರೆ ದೂರದಿಂದ ನೋಡುವವರಿಗೆ ಅದು ಕಾಣಬಾರದು. ಎದುರು ತಂಡದಲ್ಲಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಕುತೂಹಲದಿಂದ ಹೋಗಿ ವಿಚಾರಿಸಿದನಂತೆ. ಹಾಕಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಕೈ ಉಳಿಯಬೇಕಲ್ಲ ಎಂಬರ್ಥದ ಮಾತನ್ನು ವೇಟ್ ಆಡಿದನೆಂದು ಸ್ಪಾಲ್ಡಿಂಗ್ 1911ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಒಂದು ಚರ್ಮದ ತುಂಡನ್ನು ತನ್ನ ಮೈಚರ್ಮದ ಹಾಗೆ ಕಾಣಿಸಲು ಹೆಣಗಿದ ಆ ಮನುಷ್ಯನನ್ನು ನೆನೆದರೆ ನಗುವೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ.

ಸ್ಪಾಲ್ಡಿಂಗ್ ಚುರುಕು ಆಸಾಮಿ. 1876ರಲ್ಲಿ ಶಿಕಾಗೊಗೆ ಬಂದು ಅಣ್ಣತಮ್ಮ ಸೇರಿ ಆಟದ ಸಾಮಾನಿನ ಅಂಗಡಿ ತೆರೆದರು. ಮರುವರ್ಷ 1877ರಲ್ಲಿ ಅವನು ಸ್ವತಃ ಮೊದಲ ಬೇಸಿಗೆ ನಿಂತಾಗ ಕೈಗೆ ಗ್ಲೋವು ಹಾಕಿದ. ಮೈಬಣ್ಣದ್ದಲ್ಲ, ಕಪ್ಪು ಬಣ್ಣದ್ದು. ಎಲ್ಲರಿಗೂ ಎದ್ದು ಕಾಣಲಿ ಅಂತ! ಆಗಲೇ ದೊಡ್ಡ ಹೆಸರು ಮಾಡಿದ್ದವನು, ಅವನನ್ನು ಗೇಲಿ ಮಾಡುವ ಧೈರ್ಯ ಯಾರಿಗಿತ್ತು? ಜೊತೆಗೆ ಗ್ಲೋವು ಮಾರಲು ಅಂಗಡಿಯೂ ಕೈಯಲ್ಲಿತ್ತು. ವ್ಯಾಪಾರ ಅಂದರೆ ಹೀಗಿರಬೇಕು ನೋಡಿ :-) ಇದೇ ಸ್ಪಾಲ್ಡಿಂಗ್ ಮುಂದೆ 1888-89ರಲ್ಲಿ ಎರಡು ತಂಡಗಳನ್ನು ಕಟ್ಟಿಕೊಂಡು ಪ್ರಪಂಚ ಸುತ್ತಿದ. ಆಸ್ಟ್ರೇಲಿಯಾದಿಂದ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಪಕ್ಕದ ಕೊಲಂಬೊದಲ್ಲೂ ಒಂದು ಪಂದ್ಯ ಆಡಿಸಿದ್ದ.

ಇಲ್ಲಿಯವರೆಗಿನ ಗ್ಲೋವು ನಮ್ಮ ಸೈಕಲ್ ಸವಾರರು ಹಾಕುವ ಗ್ಲೌಸಿನಂಥದ್ದು. ಬೆರಳ ತುದಿ ಕತ್ತರಿಸಿದ್ದು, ಎಷ್ಟೋ ಜನ ಎರಡೂ ಕೈಗೆ ಹಾಕುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನಲ್ಲಿರುವ ಬೇಸ್‌ಬಾಲ್ ಮ್ಯೂಸಿಯಮ್ಮಿಗೆ ಹೋದಾಗ ಗಾಜಿನ ಹಿಂದಿದ್ದ ಹಳೆಯ ಗ್ಲೋವುಗಳನ್ನು ನೋಡಿ "ಇದು ತೋಟದ ಕೆಲಸದ್ದಲ್ವಾ?" ಅಂತ ನನ್ನ ಹೆಂಡತಿ ಕೇಳಿದ್ದಳು. ಅಂದರೆ ಆಗಿನ ಗ್ಲೋವಿಗೆ ಇದ್ದದ್ದು ಒಂದೇ ಕೆಲಸ, ಪೆಟ್ಟು ತಡೆಯುವುದು. ಹಿಡಿಯುವುದು ಏನಿದ್ದರೂ ಕೈಯ ಕೆಲಸ.

ಇನ್‌ಫೀಲ್ಡರನ ಗ್ಲೋವಿನ ನಿಜವಾದ ಕತೆ ಶುರುವಾಗುವುದು 1883ರಲ್ಲಿ. ಪ್ರಾವಿಡೆನ್ಸ್ ತಂಡದ ಶಾರ್ಟ್‌ಸ್ಟಾಪ್ ಆರ್ಥರ್ ಅರ್ವಿನ್‌ನ ಎಡಗೈಯ ಎರಡು ಬೆರಳು ಮುರಿದವು. ಮನೆಯಲ್ಲಿ ಕೂರುವ ಬದಲು ಅವನು ಗಾಡಿ ಹೊಡೆಯುವವರು ಹಾಕುವ ಜಿಂಕೆ ಚರ್ಮದ ದೊಡ್ಡ ಗ್ಲೌಸೊಂದನ್ನು ತಂದ. ಒಳಗೆ ಮೆತ್ತೆ ತುಂಬಿದ. ಮುರಿದ ಬೆರಳುಗಳು ಅಲುಗಾಡದಿರಲೆಂದು ಅವುಗಳ ಜಾಗವನ್ನು ಒಟ್ಟಿಗೆ ಸೇರಿಸಿ ಹೊಲಿದ. ಅದನ್ನು ಹಾಕಿಕೊಂಡು ಆಟಕ್ಕಿಳಿದ. ಬೆರಳು ವಾಸಿಯಾದ ಮೇಲೂ ಗ್ಲೋವು ಕೈಬಿಡಲಿಲ್ಲ. ನ್ಯೂ ಹ್ಯಾಂಪ್‌ಶೈರಿನ ಡ್ರೇಪರ್ ಅಂಡ್ ಮೇನಾರ್ಡ್ ಅನ್ನುವ ಗ್ಲೌಸು ತಯಾರಕರು ಅವನ ಹೆಸರಿನಲ್ಲಿ ಅಂಥವನ್ನು ಮಾಡಿ ಮಾರತೊಡಗಿದರು. ಇನ್‌ಫೀಲ್ಡರುಗಳಿಗೆ ಮೆತ್ತೆಯ ಗ್ಲೋವು ಬಂದದ್ದು ಹೀಗೆ ಅಂತ ಬಹಳ ಕಡೆ ಬರೆದಿದ್ದಾರೆ.

ಇನ್ನೂ ಸ್ವಾರಸ್ಯ ಕೇಳಿ. ಅದೇ ಪ್ರಾವಿಡೆನ್ಸ್ ತಂಡದಲ್ಲಿ, ಅರ್ವಿನ್ ಪಕ್ಕದಲ್ಲೇ, ಮೂರನೇ ಬೇಸಿನಲ್ಲಿ ನಿಲ್ಲುತ್ತಿದ್ದವನು ಜೆರ್ರಿ ಡೆನ್ನಿ. ಅವನು ಗ್ಲೋವು ಹಾಕಲೇ ಇಲ್ಲ. 1894ರಲ್ಲಿ ನಿವೃತ್ತನಾಗುವವರೆಗೂ ಹಾಕಲಿಲ್ಲ. ಹಟ ಅಂತೀರಾ? ಅಷ್ಟೇ ಅಲ್ಲ. ಡೆನ್ನಿ ಎರಡೂ ಕೈಯಲ್ಲಿ ಎಸೆಯಬಲ್ಲವನಾಗಿದ್ದ. ಎಡಕ್ಕೆ ಬಂದ ಚೆಂಡನ್ನು ಎಡಗೈಯಲ್ಲಿ ಹಿಡಿದು ಎಡಗೈಯಲ್ಲೇ ಎಸೆಯುತ್ತಿದ್ದ. ಅವನಿಗೆ ಗ್ಲೋವು ಅಂದರೆ ಒಂದು ಕೈ ಕಟ್ಟಿಹಾಕಿದ ಹಾಗೆ. ಬೇಗ ಎಸೆಯಬೇಕಾದ ಇನ್‌ಫೀಲ್ಡರನಿಗೆ ಗ್ಲೋವು ಸಹಾಯವೂ ಹೌದು, ಅಡ್ಡಿಯೂ ಹೌದು. ಅಕ್ಕಪಕ್ಕ ನಿಂತ ಈ ಇಬ್ಬರಲ್ಲಿ ಆ ತಕರಾರು ಪೂರ್ತಿ ಇದೆ. ಅದು ಇವತ್ತಿಗೂ ಬಗೆಹರಿದಿಲ್ಲ, ಒಂದು ಒಪ್ಪಂದಕ್ಕೆ ಬಂದಿದೆ ಅಷ್ಟೆ.

ಹಟವಾದಿಗಳಲ್ಲಿ ಕೊನೆಯ ದೊಡ್ಡ ಹೆಸರು ಬಿಡ್ ಮೆಕ್‌ಫೀ. ಸಿನ್ಸಿನಾಟಿಯ ಎರಡನೇ ಬೇಸ್‌ಮನ್, 1882ರಿಂದ 1899ರವರೆಗೆ ಹದಿನೆಂಟು ಋತು ಆಡಿದವನು. ಋತು ಶುರುವಾಗುವ ಮುಂಚೆ ಉಪ್ಪುನೀರಿನಲ್ಲಿ ಕೈ ನೆನೆಸಿ ನೆನೆಸಿ ಗಟ್ಟಿ ಮಾಡಿಕೊಳ್ಳುತ್ತಿದ್ದನಂತೆ. ಸುತ್ತ ಎಲ್ಲರೂ ಗ್ಲೋವು ಹಾಕಿದರೂ ಅವನು ಬರಿಗೈ. ಕೊನೆಗೆ 1896ರಲ್ಲಿ ಬೆರಳು ನೋವಾಗಿ, ಬೇರೆ ದಾರಿಯಿಲ್ಲದೆ ಗ್ಲೋವು ಹಾಕಿದ. ಏನಾಯಿತು ಗೊತ್ತೇ? ಆ ವರ್ಷ ತನಗೆ ಬಂದ ಸಾವಿರಕ್ಕೆ 978ರ ದರದಲ್ಲಿ ತಪ್ಪಿಲ್ಲದೆ ಆಡಿದ. ಎರಡನೇ ಬೇಸಿನಲ್ಲಿ ಅಷ್ಟು ಚೊಕ್ಕ ಆಟ ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ, ಆಮೇಲೂ ಎರಡು ದಶಕಕ್ಕಿಂತ ಹೆಚ್ಚು ಕಾಲ ಆ ದಾಖಲೆ ಉಳಿಯಿತು. ಹದಿನಾಲ್ಕು ವರ್ಷ ಬರಿಗೈಯಲ್ಲಿ ಕಲಿತ ಕೈಗೆ ಗ್ಲೋವು ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬೇಸ್‌ಬಾಲಿನವರು ಅವನಿಗೆ ಹಾಲ್ ಆಫ್ ಫೇಮ್ ಗೌರವ ಕೊಟ್ಟದ್ದು 2000ದಲ್ಲಿ, ಅವನು ಸತ್ತು ಅರ್ಧ ಶತಮಾನ ದಾಟಿದ ಮೇಲೆ.

ಗ್ಲೋವು ನಾಚಿಕೆಯ ವಸ್ತು ಅಲ್ಲ ಅಂತಾದ ಮೇಲೆ ಇನ್ನೊಂದು ಪೇಚಾಟ ಶುರುವಾಯಿತು. ಎಲ್ಲರೂ ದೊಡ್ಡದು, ಇನ್ನೂ ದೊಡ್ಡದು ಅಂತ ಹೊರಟರು. 1895ರಲ್ಲಿ ನಿಯಮವೇ ಬಂತು. ಕ್ಯಾಚರ್ ಮತ್ತು ಮೊದಲ ಬೇಸ್‌ಮನ್ ಎಷ್ಟು ದೊಡ್ಡ ಮಿಟ್ಟನ್ನಾದರೂ ಹಾಕಿಕೊಳ್ಳಲಿ, ಉಳಿದವರ ಗ್ಲೋವು 10 ಔನ್ಸ್ ತೂಕ ಮೀರುವಂತಿಲ್ಲ, ಅಂಗೈ ಸುತ್ತಳತೆ 14 ಇಂಚು ಮೀರುವಂತಿಲ್ಲ. ಕ್ಯಾಚರನ ಮತ್ತು ಮೊದಲ ಬೇಸಿನವನ ಮಿಟ್ಟು ಒಂದು ಕವಲು, ಉಳಿದವರ ಗ್ಲೋವು ಇನ್ನೊಂದು ಕವಲು ಆಗಿ ಬೇರೆಯಾದದ್ದು ಇಲ್ಲಿಂದ.

ಇಷ್ಟಾದರೂ ಗ್ಲೋವು ಇನ್ನೂ ದಿಂಬಿನ ಹಾಗೇ ಇತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಸಣ್ಣ ಪಟ್ಟಿ, ಅಷ್ಟೇ. ಚೆಂಡು ಅಂಗೈಗೆ ಬಡಿಯುತ್ತಿತ್ತು, ಇನ್ನೊಂದು ಕೈ ಮುಚ್ಚಿ ಹಿಡಿಯಬೇಕಿತ್ತು. ಇದನ್ನು ಬದಲಿಸಿದವನು ಸೇಂಟ್ ಲೂಯಿಸ್ ತಂಡದ ಬಿಲ್ ಡೋಕ್ ಅನ್ನುವ ಪಿಚ್ಚರ್. ಚೆಂಡಿಗೆ ಉಗುಳು ಹಚ್ಚಿ ಎಸೆಯುವುದನ್ನು 1920ರಲ್ಲಿ ನಿಷೇಧಿಸಿದಾಗ, ಹಳಬರೆಂದು ರಿಯಾಯಿತಿ ಸಿಕ್ಕ ಹದಿನೇಳು ಜನರಲ್ಲಿ ಇವನೂ ಒಬ್ಬ! ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮದ ಲೇಸುಗಳಿಂದ ಒಂದು ಬಲೆ ಹೆಣೆದರೆ ಚೆಂಡು ಕೂರಲು ಒಂದು ಗೂಡು ಆಗುತ್ತದೆ, ಲೇಸನ್ನು ಬಿಗಿ ಸಡಿಲ ಮಾಡಿ ಗೂಡಿನ ಆಳ ಹೊಂದಿಸಬಹುದು ಅನ್ನುವುದು ಅವನ ಯೋಚನೆ. ಅದೇ ಊರಿನ ರಾಲಿಂಗ್ಸ್ ಕಂಪನಿ ಅದನ್ನು ತಯಾರಿಸಿತು, 1922ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಮೂರು ದಶಕ ಆ ಮಾದರಿ ಮಾರಾಟವಾಯಿತು, ಡೋಕ್‌ಗೆ ರಾಯಲ್ಟಿ ಬರುತ್ತಲೇ ಇತ್ತು. ನಿಮಗೊಂದು ವಿಷಯ ಹೇಳಲೇಬೇಕು. ಕ್ರಿಕೆಟ್ ನಿಯಮದಲ್ಲಿ ವಿಕೆಟ್ ಕೀಪರನ ಗ್ಲೌಸಿಗೂ ಬೆರಳುಗಳ ನಡುವೆ ಬಲೆ ಇರಬಾರದು, ಒಂದೇ ಒಂದು ಕಡೆ ಬಿಟ್ಟು. ಎಲ್ಲಿ? ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ!

ಡೋಕ್ ಬಂದ ಮೇಲೂ ಗ್ಲೋವು ಎಷ್ಟು ಚಿಕ್ಕದಾಗಿತ್ತೆಂದರೆ, ಬ್ಯಾಟಿಂಗಿಗೆ ಹೋಗುವಾಗ ಆಟಗಾರರು ಅದನ್ನು ಮೈದಾನದಲ್ಲೇ ಎಸೆದು ಹೋಗುತ್ತಿದ್ದರು. ಎದುರು ತಂಡದವರು ಅದರ ಪಕ್ಕದಲ್ಲೇ ಆಡುತ್ತಿದ್ದರು. ಯಾಂಕೀಸ್ ತಂಡದ ಶಾರ್ಟ್‌ಸ್ಟಾಪ್ ಫಿಲ್ ರಿಜುಟೊಗೆ ಹುಳಹುಪ್ಪಟೆ ಕಂಡರೆ ಪ್ರಾಣಭಯ. ಅವನ ಗ್ಲೋವಿನೊಳಗೆ ಹುಳ ಬಿಟ್ಟು ಮಜಾ ತೆಗೆದುಕೊಳ್ಳುವುದು ಎಲ್ಲರಿಗೂ ಆಟ. 1954ರಿಂದ ಗ್ಲೋವನ್ನು ಒಳಗೆ ತರಬೇಕು ಅಂತ ನಿಯಮ ಬಂತು. ರಿಜುಟೊ ನಿಟ್ಟುಸಿರು ಬಿಟ್ಟಿರಬೇಕು.

ಆಮೇಲಿನದು ಕುಶಲಕರ್ಮಿಗಳ ಕಾಲ. ರಾಲಿಂಗ್ಸ್ ಕಂಪನಿಯಲ್ಲಿ ಹ್ಯಾರಿ ಲಟೀನಾ ಅನ್ನುವವನು 1922ರಿಂದ 1961ರವರೆಗೆ ಗ್ಲೋವು ವಿನ್ಯಾಸ ಮಾಡಿದ. "ಗ್ಲೋವ್ ಡಾಕ್ಟರ್" ಅಂತಲೇ ಅಡ್ಡಹೆಸರು. ಗೂಡಿನ ಆಳ, ಹಿಮ್ಮಡಿಯ ಆಕಾರ, ಬಲೆಯ ಹೆಣಿಗೆ ಎಲ್ಲಕ್ಕೂ ಅವನ ಪೇಟೆಂಟುಗಳಿವೆ. ಅವನ ನಂತರ ಮಗ ರಾಲಿ ಅದೇ ಕೆಲಸ ಮುಂದುವರಿಸಿದ. 1957ರಲ್ಲಿ ವಿಲ್ಸನ್ ಕಂಪನಿ ಎ2000 ಅನ್ನುವ ಗ್ಲೋವು ತಂದಿತು. ಅಗಲವಾದ ಬಲೆ, ಚೆಂಡು ಬಿದ್ದ ಕೂಡಲೇ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಮಡಿಕೆ. ಗ್ಲೋವು ಪೆಟ್ಟು ತಡೆಯುವ ಸಾಧನವಾಗಿದ್ದದ್ದು ಹೋಗಿ ತಾನೇ ಹಿಡಿಯುವ ಕೈಯಾಯಿತು. ಮರುವರ್ಷ ರಾಲಿಂಗ್ಸಿನ ಹಾರ್ಟ್ ಆಫ್ ದಿ ಹೈಡ್ ಬಂತು. ಎರಡೂ ಹೆಸರುಗಳು ಇವತ್ತಿಗೂ ಅಂಗಡಿಯ ಗೋಡೆಯ ಮೇಲಿವೆ, ಮುನ್ನೂರು ಡಾಲರಿನ ಆಸುಪಾಸಿನ ಬೆಲೆಯಲ್ಲಿ.

ಹಿಡಿಯುವುದು ಸುಲಭವಾದ ಮೇಲೆ ಔಟ್‌ಫೀಲ್ಡರನ ಗ್ಲೋವು ಉದ್ದವಾಗುತ್ತ ಹೋಯಿತು, ಈಗ 12ರಿಂದ 13 ಇಂಚು. ಇನ್‌ಫೀಲ್ಡರನದು ಮಾತ್ರ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತು. ಆ ನಾಲ್ಕು ಸೆಕೆಂಡು ನೆನಪಿದೆಯಲ್ಲ? ಆಳವಾದ ಗೂಡಿನೊಳಗೆ ಚೆಂಡು ಹುದುಗಿಕೊಂಡರೆ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಓಡುವವನು ಬೇಸು ತಲುಪಿರುತ್ತಾನೆ. ಹಾಲ್ ಆಫ್ ಫೇಮ್ ಸೇರಿದ ಎರಡನೇ ಬೇಸ್‌ಮನ್ ಜೋ ಮಾರ್ಗನ್ 1970ರ ದಶಕದಲ್ಲಿ, ಎಲ್ಲರ ಗ್ಲೋವೂ ದೊಡ್ಡದಾಗುತ್ತಿದ್ದ ಕಾಲದಲ್ಲಿ, ಮಕ್ಕಳದ್ದೇನೋ ಅನ್ನಿಸುವಷ್ಟು ಪುಟ್ಟ ಗ್ಲೋವು ಹಾಕುತ್ತಿದ್ದ. ಐದು ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದ. ಈಗಲೂ ತರಬೇತುದಾರರು ಹುಡುಗರಿಗೆ ಗೂಡೇ ಇಲ್ಲದ, ದೋಸೆಯ ಹಾಗೆ ಚಪ್ಪಟೆಯಾದ ಗ್ಲೋವು ಕೊಟ್ಟು ಅಭ್ಯಾಸ ಮಾಡಿಸುತ್ತಾರೆ. ಎರಡು ಕೈ ಉಪಯೋಗಿಸಲೇಬೇಕು, ಚೆಂಡು ಸಿಕ್ಕ ಕ್ಷಣವೇ ಕೈ ಬದಲಾಗಬೇಕು. ಒಂದು ರೀತಿಯಲ್ಲಿ ಇದು ಮೆಕ್‌ಫೀಯ ಪಾಠಶಾಲೆಯೇ.

ಇನ್ನು ಚರ್ಮದ ವಿಷಯ. ಇದು ಪೂರ್ತಿ ನಮ್ಮ ಶಿಕಾಗೊ ಕತೆ. 1865ರಿಂದ 1971ರವರೆಗೆ ಇಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಅನ್ನುವ ಬೃಹತ್ ದನದ ಸಂತೆ ಇತ್ತು, ಸುತ್ತ ಕಸಾಯಿಖಾನೆಗಳು. ಮಾಂಸ ಮಾರಿ ಉಳಿದದ್ದನ್ನು ಏನು ಮಾಡುವುದು? 1913ರಲ್ಲಿ ಒಂದು ಮಾಂಸದ ಕಂಪನಿ ಅದಕ್ಕೆಂದೇ ಇನ್ನೊಂದು ಕಂಪನಿ ತೆರೆಯಿತು. ಕರುಳಿನಿಂದ ಟೆನ್ನಿಸ್ ರ‍್ಯಾಕೆಟ್ಟಿನ ತಂತಿ, ಪಿಟೀಲಿನ ತಂತಿ, ಆಪರೇಷನ್ನಿಗೆ ಹೊಲಿಗೆ ದಾರ. ಅದೇ ಮುಂದೆ ವಿಲ್ಸನ್ ಆಯಿತು. 1905ರಲ್ಲಿ ಐಸಡೋರ್ ಹಾರ್ವೀನ್ ಅನ್ನುವ ವಲಸಿಗ ಇಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ ಹಾಕಿದ. ಹೆಸರಾಂತ ಗ್ಲೋವುಗಳಿಗೆ ದಶಕಗಳ ಕಾಲ ಚರ್ಮ ಹೋದದ್ದು ಅಲ್ಲಿಂದ. ಕಾರ್ಖಾನೆ ಇಂದೂ ಈ ಊರಲ್ಲೇ ಇದೆ.

ಹೊಲಿಗೆಯ ಕೆಲಸ ಮಾತ್ರ ಇಲ್ಲಿ ಉಳಿಯಲಿಲ್ಲ. 1960ರ ದಶಕದ ಹೊತ್ತಿಗೆ ಜಪಾನಿಗೆ ಹೋಯಿತು, ಆಮೇಲೆ ಕೊರಿಯಾ, ತೈವಾನ್, ಫಿಲಿಪ್ಪೀನ್ಸ್, ಚೀನಾ, ವಿಯೆಟ್ನಾಂ. ಉಳಿದ ಅಪವಾದ ಟೆಕ್ಸಾಸಿನ ನೊಕೋನಾ ಅನ್ನುವ ಸಣ್ಣ ಊರು. 1926ರಲ್ಲಿ ಪರ್ಸು, ವ್ಯಾಲೆಟ್ಟು ಮಾಡಲು ಶುರುವಾದ ಕಾರ್ಖಾನೆ, ಆರ್ಥಿಕ ಕುಸಿತದ ದಿನಗಳಲ್ಲಿ, 1934ರಲ್ಲಿ, ಗ್ಲೋವು ಹೊಲಿಯತೊಡಗಿತು. 2006ರಲ್ಲಿ ಕಾರ್ಖಾನೆ ಸುಟ್ಟು ಬೂದಿಯಾಯಿತು. ಮತ್ತೆ ಕಟ್ಟಿಕೊಂಡು ಇಂದಿಗೂ ಅಮೆರಿಕದಲ್ಲೇ ಹೊಲಿಯುತ್ತಿದ್ದಾರೆ.

ಈಗ ಕೊಳ್ಳುವವರಿಗೆ ನಾಲ್ಕು ಮಾತು. ಇಷ್ಟು ಚರಿತ್ರೆ ಓದಿದ ಮೇಲೆ ಅಂಗಡಿಯ ಗೋಡೆ ಅಷ್ಟು ಹೆದರಿಸುವುದಿಲ್ಲ.

ಮೊದಲನೆಯದು ಯಾವ ಕೈ ಅನ್ನುವುದು. ಗ್ಲೋವಿನ ಚೀಟಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಎಸೆಯುವ ಕೈ. ಬಲಗೈಯಲ್ಲಿ ಎಸೆಯುವವನು ಎಡಗೈಗೆ ಹಾಕಬೇಕು. ಹಾಕಿಕೊಂಡೇ ನೋಡಿ.

ಅಳತೆ: ಎರಡನೇ ಬೇಸಿನವನಿಗೆ ಎಲ್ಲಕ್ಕಿಂತ ಚಿಕ್ಕದು, 11¼ ಇಂಚಿನ ಸುಮಾರು. ಅವನು ಒಂದು ಕಡೆಯಿಂದ ಬಂದ ಚೆಂಡನ್ನು ಇನ್ನೊಂದು ಕಡೆಗೆ ದಾಟಿಸುವವನು, ಕ್ಷಣವೂ ಇಟ್ಟುಕೊಳ್ಳುವಂತಿಲ್ಲ. ಶಾರ್ಟ್‌ಸ್ಟಾಪಿಗೆ 11½. ಮೂರನೇ ಬೇಸಿಗೆ ಬರುವ ಚೆಂಡು ಸಿಡಿಗುಂಡು, ತಡೆಯುವುದೇ ಮುಖ್ಯ, ಅದಕ್ಕೆ 11¾, ಗೂಡೂ ತುಸು ಆಳ. ಇದು ದೊಡ್ಡವರ ಲೆಕ್ಕ. ಮಕ್ಕಳಿಗೆ ಕೈ ನೋಡಿ ಅರ್ಧ-ಮುಕ್ಕಾಲು ಇಂಚು ಕಡಿಮೆ. "ಮುಂದಿನ ವರ್ಷಕ್ಕೂ ಆಗಲಿ" ಅಂತ ಯೂನಿಫಾರಂ ಹೊಲಿಸಿದ ಹಾಗೆ ದೊಡ್ಡದು ಕೊಳ್ಳಬೇಡಿ. ಆ ಭಾರಕ್ಕೆ ಮಗುವಿನ ಮಣಿಕಟ್ಟು ಬಾಗಿ ಗ್ಲೋವು ತೆರೆಯುವುದೇ ಇಲ್ಲ.

ಬಲೆ: ಇನ್‌ಫೀಲ್ಡರನಿಗೆ ಸಂದಿ ಇರುವ ಬಲೆ ಒಳ್ಳೆಯದು. ನೆಲದಿಂದ ಚೆಂಡಿನ ಜೊತೆ ಎದ್ದ ಮಣ್ಣು ಸಂದಿಯಲ್ಲಿ ಉದುರಿಹೋಗುತ್ತದೆ. ಪೂರ್ತಿ ಮುಚ್ಚಿದ ಬಲೆ ಪಿಚ್ಚರನಿಗೆ, ಬೆರಳು ಹೇಗಿಟ್ಟಿದ್ದಾನೆ ಅಂತ ಎದುರಿನವನಿಗೆ ಕಾಣಬಾರದಲ್ಲ.

ಚರ್ಮ: ಇಲ್ಲೇ ದುಡ್ಡು ಹೋಗುವುದು. ಬಲಿತ ಹೋರಿಯ ಚರ್ಮ ಗಟ್ಟಿ, ಭಾರ, ಬಹಳ ವರ್ಷ ಬಾಳುತ್ತದೆ. ಎಳೆಯ ದನದ್ದನ್ನು ಕಿಪ್ ಅನ್ನುತ್ತಾರೆ, ತೆಳು, ನುಣುಪು, ಹಗುರ, ದುಬಾರಿ. ಅಂಗಡಿಯಲ್ಲೇ ಬೆಣ್ಣೆಯಂತೆ ಮೆತ್ತಗಿರುವುದು ಸಾಮಾನ್ಯವಾಗಿ ಬೇಗ ಜೋತುಬೀಳುತ್ತದೆ. ಆಕಾರ ಹಿಡಿದಿಟ್ಟುಕೊಳ್ಳುವುದೇ ಇನ್‌ಫೀಲ್ಡ್ ಗ್ಲೋವಿನ ಪ್ರಾಣ. ಹಾಗಾಗಿ ಬಿರುಸಾಗಿದೆ ಅಂತ ಒಳ್ಳೆಯದನ್ನು ಬಿಡಬೇಡಿ. ಏಳೆಂಟು ವರ್ಷದ ಮಗುವಿನ ವಿಷಯ ಬೇರೆ. ಅದಕ್ಕೆ ಮುಚ್ಚಲು ಬರುವಂಥ ಮೆತ್ತನೆಯದೇ ಸರಿ, ಮುನ್ನೂರು ಡಾಲರ್ ದಂಡ ಮಾಡಬೇಡಿ.

ಪಳಗಿಸುವುದು: ಹೊಸ ಚಪ್ಪಲಿ ಕಚ್ಚುತ್ತದೆ ಅಂತ ಅದನ್ನು ಒಲೆಯಲ್ಲಿ ಇಡುತ್ತೇವೆಯೇ? ಇಲ್ಲಿ ಕೆಲವರು ಗ್ಲೋವನ್ನು ಮೈಕ್ರೋವೇವಿನಲ್ಲಿ ಇಡುತ್ತಾರೆ! ಚರ್ಮದೊಳಗಿನ ಎಣ್ಣೆ ಒಣಗಿ ಬಿರಿಯುತ್ತದೆ. ಎಣ್ಣೆ ಸುರಿದರೆ ಇನ್ನೊಂದು ತೊಂದರೆ, ಭಾರವಾಗಿ ಜೋತುಬೀಳುತ್ತದೆ. ಹೆಸರಿಗೆ ಒಂಚೂರು ಎಣ್ಣೆ, ದಿನಾ ಅರ್ಧ ಗಂಟೆ ಎಸೆದು ಹಿಡಿಯುವ ಆಟ, ರಾತ್ರಿ ಗೂಡಿನಲ್ಲಿ ಚೆಂಡಿಟ್ಟು ಎತ್ತಿಡುವುದು. ಚಪ್ಪಲಿಗೆ ಕಾಲು, ಗ್ಲೋವಿಗೆ ಕೈ. ಬೇರೆ ಮದ್ದಿಲ್ಲ.

"ಇದರಲ್ಲೇನಿದೆ ದೊಡ್ಡಸ್ತಿಕೆ" ಅನ್ನುವವರಿಗೆ ನಾನು 1978ರ ಒಂದು ವಿಡಿಯೋ ತೋರಿಸುತ್ತೇನೆ. ಸ್ಯಾನ್ ಡಿಯೇಗೊ ತಂಡದಲ್ಲಿ ಮೊದಲ ವರ್ಷ ಆಡುತ್ತಿದ್ದ ಶಾರ್ಟ್‌ಸ್ಟಾಪ್ ಆಝೀ ಸ್ಮಿತ್ ಎಡಕ್ಕೆ ಹಾರುತ್ತಾನೆ, ಗ್ಲೋವು ಚಾಚಿ. ಅಷ್ಟರಲ್ಲಿ ಚೆಂಡು ನೆಲಕ್ಕೆ ತಾಗಿ ದಿಕ್ಕು ಬದಲಿಸಿ ಹಿಂದಕ್ಕೆ ಪುಟಿಯುತ್ತದೆ. ಗಾಳಿಯಲ್ಲಿರುವಾಗಲೇ ಬರಿಯ ಬಲಗೈ ಹಿಂದಕ್ಕೆ ಚಾಚಿ ಅದನ್ನು ಹಿಡಿದು, ನೆಲಕ್ಕೆ ಬಿದ್ದು, ಎದ್ದು, ಎಸೆದು ಔಟ್ ಮಾಡುತ್ತಾನೆ. ಮುಂದೆ ಹದಿಮೂರು ಸಲ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದವನು. ಅವನ ಅತಿ ಪ್ರಸಿದ್ಧ ಆಟದಲ್ಲಿ ಗ್ಲೋವಿನ ಪಾತ್ರವೇ ಇಲ್ಲ.

ಗ್ಲೋವು ಕೈಯನ್ನು ಉಳಿಸುತ್ತದೆ, ಒಂದಿಷ್ಟು ಉದ್ದ ಮಾಡುತ್ತದೆ. ಆಟ ಕೈಯದ್ದೇ. ಆದ್ದರಿಂದ ಇನ್‌ಫೀಲ್ಡಿನ ಹುಡುಗನಿಗೆ ಗ್ಲೋವು ಕೊಳ್ಳುವಾಗ ನಾನು ನೋಡುವುದು ಒಂದೇ: ಅದನ್ನು ಹಾಕಿಕೊಂಡು ಚೆಂಡು ಹಿಡಿದಾಗ ಇನ್ನೊಂದು ಕೈಗೆ ಚೆಂಡು ಎಲ್ಲಿದೆ ಅಂತ ಹುಡುಕದೆ ಗೊತ್ತಾಗಬೇಕು. ಹುಡುಕಬೇಕಾದರೆ ಅದು ದೊಡ್ಡದಾಯಿತು, ಎಷ್ಟೇ ಒಳ್ಳೆ ಚರ್ಮದ್ದಾಗಿರಲಿ, ವಾಪಸು ತೂಗುಹಾಕಿ.